ಬಿಸಿಲು ಕಂಡ ಮಣ್ಣು

ಬೆರಳಚ್ಚಿನ ಯಂತ್ರ ಮೂರು ಸಲ ಒಲ್ಲೆ ಅಂದಿತು.
ಗಾಜಿನಾಚೆಯ ಹುಡುಗ ಬಟ್ಟೆಯಿಂದ ಒರೆಸಿ
ಮತ್ತೆ ಇಡಿ ಅಂದ. ಸುವಾರ್ತಾಬಾಯಿ ಇಟ್ಟಳು
ಹತ್ತೂ ಬೆರಳು, ರೊಟ್ಟಿ ತಟ್ಟುವ ಹಾಗೆ ಒತ್ತಿ.
ಏನೂ ಮೂಡಲಿಲ್ಲ.
ಮೂವತ್ತೆಂಟು ವರ್ಷ ಹೂಜಿಗೆ, ಹೂದಾನಿಗೆ, ಪಾನದಾನಿಗೆ
ಕೋಟೆಯ ಮಣ್ಣು ತಿಕ್ಕಿ ತಿಕ್ಕಿ
ಆಕೆಯ ಗೆರೆಗಳೆಲ್ಲ ಯಾರ್‍ಯಾರದೋ ಮನೆಯ
ಶೋಕೇಸು ಸೇರಿದ್ದವು.

"ಯಾರು ಅಂತ ಬರ್ಕೊಳ್ಲಿ ಅಮ್ಮ?"
"ಬೀದರಿನಾಕಿ ಅಂತ ಬರಿ."

ಇಪ್ಪತ್ಮೂರು ಮಂದಿ ನಾವು, ಮಂಗಲಪೇಟೆಯಿಂದ ಒಂದು ಬಸ್ಸು.
ಬಿಳಿ ಟೋಪಿ, ಕೊರಳಲ್ಲಿ ಹೆಸರಿನ ಚೀಟಿ,
ಮೂರು ಚೀಲ ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ.
ಪಾಸ್ಟರ್ ದೇವಪುತ್ರರ ಕೈಯಲ್ಲಿ ಹಸಿರು ಕೊಡೆ:
ಬಿಚ್ಚಿದರೆ ನಡೆಯಬೇಕು, ಮಡಚಿದರೆ ಪ್ರಾರ್ಥನೆ.
ಬೇತ್ಲೆಹೇಮಿನ ಗಿಡ್ಡ ಬಾಗಿಲಿಗೆ
ಕಂಪೌಂಡರ್ ತಿಮೋತೆಪ್ಪ ಹಣೆ ಬಡಿಸಿಕೊಂಡ.
ಗಲಿಲಾಯದ ದೋಣಿಯಲ್ಲಿ ನನಗೆ ವಾಂತಿ,
ಆತ ನಡೆದ ನೀರಿನ ಮೇಲೆಯೇ.
(ಊರಿಗೆ ಬಂದ ಮೇಲೆ ಸಾಕ್ಷಿ ಹೇಳುವಾಗ
ಇದನ್ನು ಬಿಟ್ಟೆ.)

ಸಿಲೋವ ಕೊಳದ ಹತ್ತಿರ ಕೊಡೆ ಮಡಚಿತು.
ಹುಟ್ಟುಕುರುಡನ ಕಥೆ ಹೇಳಿದರು ಪಾಸ್ಟರ್,
ಉಗುಳಲ್ಲಿ ಮಣ್ಣು ಕಲಸಿ ಕಣ್ಣಿಗೆ ಮೆತ್ತಿದ್ದು,
ಅವನು ಬಂದು ಇಲ್ಲಿ ತೊಳೆದುಕೊಂಡದ್ದು.
ಎಲ್ಲರ ಕಣ್ಣೂ ಮುಚ್ಚಿತ್ತು, ನನ್ನದು ಅರ್ಧ.
ಸುವಾರ್ತಾಬಾಯಿ ಕುಕ್ಕರಗಾಲಲ್ಲಿ ಕೂತು
ಮೆಟ್ಟಿಲ ಸಂದಿಯಿಂದ ಚಿಟಿಕೆ ಮಣ್ಣು ಕೆದಕಿ
ನಾಲಗೆಯ ತುದಿಗೆ ಇಟ್ಟುಕೊಂಡಳು.

ಲತೀಫ್ ಉಸ್ತಾದ್ ಕಲಿಸಿದ್ದು ಅದನ್ನೇ.
ಕೋಟೆಯೊಳಗೆ, ಸೂರು ಬೀಳದ ಕೋಣೆಗಳ ಮೂಲೆಯಲ್ಲಿ,
ಮಳೆ ಬಿಸಿಲು ಎರಡೂ ಮುಟ್ಟದ ನೆಲದಲ್ಲಿ,
ಬಾವಲಿ ವಾಸನೆಯ ನಡುವೆ:
ಚುರುಕ್ ಅಂದರೆ ಚೀಲ ತುಂಬು,
ಸಪ್ಪಗಿದ್ದರೆ ಉಗುಳಿ ಮುಂದೆ ಹೋಗು.

ಆಕೆ ಉಗುಳಲಿಲ್ಲ, ನುಂಗಲೂ ಇಲ್ಲ.
ಆಮೆನ್ ಆದಮೇಲೆ ಕೇಳಿದೆ, ಏನಂತದ?
"ಬಿಸ್ಲು ಕಂಡದ್ದದ. ಕಪ್ಪು ಹಿಡಿಯಲ್ಲ," ಅಂದಳು.
ಅಂದರೂ ಒಂದು ಮುಷ್ಟಿ ಕರವಸ್ತ್ರದಲ್ಲಿ ಕಟ್ಟಿದಳು.
ಬಸ್ಸು ಹೊರಟು ಎಷ್ಟೋ ಹೊತ್ತಿಗೆ, ಕಿಟಕಿಯ ಕಡೆ ತಿರುಗಿ:
"ಉಗುಳು ಹಾಕಿ ಕಲಸ್ತಾನಂದ್ರ
ಕೈಗೆಲಸದವ್ನೇ ಆತ. ನೀರು ದೂರ ಇತ್ತು,
ಕೆಲಸ ನಿಲ್ಲಬಾರದಲ್ಲ."

ಮರಳಿ ಬಂದು ಎಂಟು ದಿನಕ್ಕೆ
ಗುಂಪಿನ ಫೋಟೋ ಕೊಡಲು ಕಾರ್ಖಾನೆಗೆ ಹೋದೆ.
ಫೋಟೋದಲ್ಲಿ ಆಕೆಯೊಬ್ಬಳು ನೆಲ ನೋಡುತ್ತಿದ್ದಾಳೆ.
ಒಲೆಯ ಮೇಲೆ ನವಸಾಗರ ಕುದಿಯುತ್ತಿತ್ತು.
ಲತೀಫ್ ಉಸ್ತಾದ್ ಗೋಡೆಗೆ ಒರಗಿ ಕೂತಿದ್ದರು,
ಕಣ್ಣಿಗೆ ಹಾಲು ತುಂಬಿ ಆರು ವರ್ಷ,
ನಾಲಗೆ ಮಾತ್ರ ಇನ್ನೂ ಕೆಲಸದಲ್ಲಿತ್ತು.
ಆಕೆ ಗಂಟು ಬಿಚ್ಚಿ ಅಂಗೈಗೆ ಹಾಕಿದಳು.
ಮುದುಕ ನೆಕ್ಕಿ ನೋಡಿ ನಕ್ಕ.
"ಎಲ್ಲಿದ್ ಬೇಟಿ ಇದು? ನಿಕಮ್ಮಾ ಮಣ್ಣು."
ಆಕೆ ಹೇಳಿದಳು.
ನಗು ನಿಂತಿತು. ಸುತ್ತಿಗೆಗಳೂ ನಿಂತವು.
ಆಮೇಲೆ ಆತ ಟೋಪಿ ಹಿಂದಕ್ಕೆ ಸರಿಸಿ
ಮುಖ ಮೇಲೆತ್ತಿದ, ಕ್ಷೌರಿಕನ ಎದುರು ಎತ್ತುವ ಹಾಗೆ:
"ಹಚ್ಚು ಮತ್ತ."

ಗೆರೆಯಿಲ್ಲದ ಹೆಬ್ಬೆರಳಿಂದ ಹಚ್ಚಿದಳು,
ಬೆಳ್ಳಿ ಕೂಡಿಸಿದ ಎಳೆಗೆ ಮುಟ್ಟುವಷ್ಟು ಮೆತ್ತಗೆ,
ಒಂದು ರೆಪ್ಪೆ, ಇನ್ನೊಂದು ರೆಪ್ಪೆ.
ಕೊಡದ ನೀರಲ್ಲಿ ತೊಳೆದರು.
ನಾನು ನಂಬುವವಳಲ್ಲ, ಆದರೂ ಉಸಿರು ಹಿಡಿದಿದ್ದೆ.

"ಏನ್ ಕಾಣಸ್ತದ್ರಿ?"
ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.
"ಕಪ್ಪು," ಅಂದರು. "ಪಕ್ಕಾ ಕಪ್ಪದ, ಸುವಾರ್ತಾ.
ಎಲ್ಲೂ ಕಲಿ ಇಲ್ಲ."

ಆಕೆ ಸೆರಗಿಗೆ ಕೈ ಒರೆಸಿಕೊಂಡು
ಅರ್ಧ ತಿಕ್ಕಿದ ಹೂಜಿಯನ್ನು ಹತ್ತಿರಕ್ಕೆ ಎಳೆದಳು.