ಎಡಭಾಗದ ಅಳತಿ

ಮೂವತ್ತು ವರ್ಷ ಶಹಾಬಾದಿನ ಹೆಣ್ಮಕ್ಕಳ ಅಳತಿ ತಗೊಂಡೀನಿ.
ಕೊರಳಾಗ ಟೇಪು, ಬಾಯಾಗ ಟಾಚಣಿ.
ಯಾರು ಸೊರಗ್ಯಾರ, ಯಾರಿಗೆ ಮೂರನೇ ತಿಂಗಳು,
ಅವರ ಮನ್ಯಾಗಿನವರಿಗಿಂತ ಮೊದಲ ನನಗ ಗೊತ್ತಾಗ್ತಿತ್ತು.
ನನ್ನ ಎದ್ಯಾಗಿನ ತೊಗರಿಕಾಳು ಮಾತ್ರ
ಬೆರಳಿಗೆ ಹತ್ತೂತನಕ ಗೊತ್ತಾಗಲಿಲ್ಲ.

ಕಲಬುರಗ್ಯಾಗ ಎಡಗಡಿದು ತಗದರು.
ಈಗ ಇಪ್ಪತ್ತೊಂದು ದಿನಕ್ಕೊಮ್ಮೆ ಬೆಳಗಿನ ಪ್ಯಾಸೆಂಜರು.
ಮರತೂರು ದಾಟಿದರ ಸಾಕು, ಹೊಟ್ಟಿ ತೊಳಸ್ತದ,
ಔಷಧ ಇನ್ನಾ ಮೈಯಾಗ ಹೊಕ್ಕಿರಂಗಿಲ್ಲ.

ಎಡಗೈಗೆ ಸೂಜಿ ಚುಚ್ಚಬಾರದಂತ, ಬಲಗೈ ಕಟ್ಟಿ ಹಾಕ್ತಾರ.
ಅದಕ್ಕ ಎಡಗೈಲೆ ಬರೀತೀನಿ,
ಔಷಧದಂಗಡಿ ಚೀಟಿ ಹಿಂದ, ಸಿಸ್ಟರ್ ಕೊಟ್ಟ ಪೆನ್ನಿನಿಂದ.
ಮೊದಮೊದಲು ಬರೇ ಕೊರಳು:
ಕೊಡದ ಕೊರಳು, ಎಲಿ ಕೊರಳು, ಹಿಂದ ದಾರ ಕಟ್ಟೂದು.
ಗೆರಿ ನಡಗ್ತಾವ, ಒಂದನೇತ್ತಿ ಹುಡುಗೂರ ಪಾಟಿ ಇದ್ದಂಗ.
ಬಾಜೂ ಕುರ್ಚ್ಯಾಗಿನ ಆಳಂದದ ಖಮರ್‌ಬೀ ಹಣಿಕಿ ಹಾಕಿ
"ನಂದೊಂದು ಜಡಿ ಬರಿ" ಅಂದ್ಲು,
"ಇಲ್ಲೀತನ" ಅಂತ ಸೊಂಟ ತೋರಿಸಿದ್ಲು.
ಬರದೆ. ಚೀಟಿ ಸಾಲಲಿಲ್ಲ.
ಎರಡನೇ ಚೀಟಿ ಅಂಟಿಸಿ ಗೊಂಡೆ ಹಾಕಿದೆ.

ಮುಂದಿನ ಸಲ ಆ ಕುರ್ಚ್ಯಾಗ ಬ್ಯಾರೆಯಾಕಿ ಇದ್ಲು.
ನಾ ಕೇಳಲಿಲ್ಲ.

ನಮ್ಮ ಕಸುಬಿನಾಗ ಅರ್ಧ ಬರದರ ಸಾಕು.
ಬಟ್ಟಿ ಮಡಚಿ, ಒಂದು ಬಾಜೂ ಗೆರಿ ಹೊಡದು ಕತ್ತರಿ ಆಡಿಸಿದರ
ಬಿಚ್ಚಿದಾಗ ಇನ್ನೊಂದು ಬಾಜೂ ತಾನಾಗೇ ಬರ್ತದ.
ಈಗ ನನ್ನ ಮೈ ಹಂಗ ಮಡಚಾಕ ಬರಂಗಿಲ್ಲ.

ನಿನ್ನಿ ರಾತ್ರಿ ನಿದ್ದಿ ಹತ್ತಲಿಲ್ಲ, ಉಗುರಿನಾಗೆಲ್ಲ ಉರಿ.
ಎದ್ದು ಪಡಸಾಲಿ ಪರಸಿಮ್ಯಾಲ ಕುಂತೆ.
ನಮ್ಮೂರ ಕಲ್ಲು, ಬೂದಿಬಣ್ಣ, ತಣ್ಣಗ.
ಸೀಮೆಸುಣ್ಣ ತಗೊಂಡು ನನ್ನ ಅಳತಿ ನಾನೇ ಬರದೆ.
ಬಲಕ್ಕ ಟಕ್ಸು ಎರಡು, ಉಬ್ಬು, ಎಲ್ಲಾ ಹಳೇದು.
ಎಡಕ್ಕ ಬರೂತನಕ ಕೈ ನಿಂತಿತು.
ಎಷ್ಟೋ ಹೊತ್ತಾದ ಮ್ಯಾಲ
ಭುಜದಿಂದ ನಡುವಿನತನ ಒಂದು ನೆಟ್ಟಗಿನ ಗೆರಿ.
ಟಕ್ಸಿಲ್ಲ. ಹೊಲಿಯಾಕ ಇದೇ ಸಸಾರ ಅನಿಸಿ
ಒಬ್ಬಾಕೀನೇ ನಕ್ಕೆ.
ಒಳಗ ಒಂದೂವರಿ ಇಂಚು ಬಿಟ್ಟೀನಿ,
ಮೈ ತುಂಬಿದರ ಬಿಚ್ಚಾಕ ಬೇಕಲ್ಲ.

ಫ್ಯಾಕ್ಟರಿ ರಾತ್ರಿಪಾಳಿ ಮುಗಿಸಿ ನಮ್ಮನಿಯವರು ಬಂದರು.
ದೀಪ ಹಾಕಿದರು, ನೋಡಿದರು, ಏನೂ ಅನಲಿಲ್ಲ.
ಚಪ್ಪಲ್ ಕೈಯಾಗ ಹಿಡಕೊಂಡು
ಗ್ವಾಡಿಗುಂಟ, ಗೆರಿ ತುಳೀಲಾರದಂಗ
ನೀರು ಕುಡ್ಯಾಕ ಒಳಗ ಹೋದರು.