ನಲವತ್ತು ಡಿಗ್ರಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಮುಚ್ಚಿಹೋದ ರೀಲಿಂಗ್ ಶೆಡ್ಡು.
ಈಗ ಗೋಡೆಗೆ ತಿಳಿನೀಲಿ, ಮೂಲೆಗೊಂದು ಹೀಟರು,
ನಮ್ಮೂರಿಗೂ ಬಂತು ಹಾಟ್ ಯೋಗ.

ಬಾಗಿಲಲ್ಲೇ ಬೋರ್ಡು: ನಲವತ್ತು ಡಿಗ್ರಿ.
ಏಪ್ರಿಲ್ಲಲ್ಲಿ ಇದು ಪುಕ್ಕಟೆ ಸಿಗುತ್ತಲ್ಲ,
ಅಂದೆ. ಎಂಟುನೂರು ಕಟ್ಟಿಯೂ ಬಿಟ್ಟೆ.

ನಲವತ್ತೊಂಬತ್ತಕ್ಕೆ ಮೊದಲ ಸಲ ಪ್ಯಾಂಟು,
ಮಗಳದ್ದು; ಸೊಂಟದ ಹತ್ತಿರ ಸುಮ್ಮನಿರದು.
ಕನ್ನಡಿಯಲ್ಲಿ ಯಾರೋ ದಪ್ಪನೆಯವಳು
ನನ್ನ ಓಲೆ ಹಾಕಿಕೊಂಡು ನಿಂತಿದ್ದಾಳೆ.

ಬಗ್ಗಿ, ಅಂದಳು ಟೀಚರು ಲಿಖಿತಾ. ಬಗ್ಗಿದೆ.
ಬೆರಳಿಗೂ ಪಾದಕ್ಕೂ ನಡುವೆ ಒಂದು ಗೇಣು.
ಆ ಗೇಣಿನಲ್ಲಿ ಎರಡು ಹೆರಿಗೆ, ಥೈರಾಯ್ಡು,
ಸೊಸೈಟಿ ಬ್ಯಾಂಕಿನ ಇಪ್ಪತ್ತಾರು ವರ್ಷದ ಕುರ್ಚಿ.

ಬೆವರು ಮೊದಲು ರೆಪ್ಪೆಗೆ, ಆಮೇಲೆ ಮೊಣಕಾಲ ಹಿಂದೆ,
ಆಮೇಲೆ ಎಲ್ಲೆಲ್ಲಿ ಅಂತ ಕೇಳಬೇಡಿ.

ಬಣ್ಣ ಬಳಿದರೂ ಗೋಡೆ ಮರೆತಿರಲಿಲ್ಲ:
ಕಾವೇರಿದಂತೆ ಎದ್ದು ಬಂತು
ಬೆಂದ ಹುಳುವಿನ ವಾಸನೆ.
ಲಿಖಿತಾ ಊದುಬತ್ತಿ ಹಚ್ಚಿದಳು.
ಪಕ್ಕದ ಚಾಪೆಯಲ್ಲಿ ಮೆಹರುನ್ನೀಸಾ,
ಬುರ್ಖಾ ಗೂಟಕ್ಕೆ ಹಾಕಿ ನಿಂತವಳು,
ಒಂದು ಹನಿ ಬೆವರಿಲ್ಲ.
"ಇಲ್ಲೇ ಇತ್ತು ನನ್ನ ಬೇಸಿನ್ನು.
ಕುದಿನೀರಲ್ಲಿ ಕೈಹಾಕಿ ಎಳೆಯ ತುದಿ ಹುಡುಕ್ತಿದ್ದೆ.
ಆಗ ಅವರೇ ನಮಗೆ ದುಡ್ಡು ಕೊಡ್ತಿದ್ರು."

ನಕ್ಕೆ. ಒಂಟಿಕಾಲಿನ ಮರ ಉರುಳಿತು.
ಹಿಡಿದದ್ದು ಅವಳ ಕೈ.
ಬೆರಳ ತುದಿಯಲ್ಲಿ ಗೆರೆಯೇ ಇಲ್ಲ, ತೊಳೆದ ಲೋಟದ ನುಣುಪು.

ಗೊತ್ತು ನನಗೆ ಈ ಬೆರಳು.
ಮೆಷೀನಿಗೆ ಹೊಂದಲಿಲ್ಲವೆಂದು
ಪಿಂಚಣಿಯ ಕೌಂಟರಿನಿಂದ
ಮೂರು ಸಲ ವಾಪಸ್ಸು ಕಳಿಸಿದ್ದೆ, ನಾನೇ.

ಮಲಗಿ, ಅಂದಳು ಲಿಖಿತಾ. ಮಲಗಿದೆವು,
ಹೀಟರು ಗೊಣಗುತ್ತಲೇ ಇತ್ತು.
ಇನ್ನೂ ಒಣಗಿಯೇ ಇದ್ದ ತನ್ನ ಟವೆಲ್ಲನ್ನು
ನನ್ನ ಕಡೆ ಸರಿಸಿದಳು:
"ಒರೆಸ್ಕೊಳ್ಳಿ, ಮೇಡಂ."