ಬೆಂಡೆಯ ಲೋಳೆ

ಕೆರಗೋಡಿನ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು.
ಇಳಿದೆ. ಬ್ಯಾಗಿನಲ್ಲಿ ಮಧುಕೇಶನ ಪಾಠ ನೋಡಿ ಬರೆದ ವರದಿ,
ಎರಡು ಥರ ಬರೆದು ಎರಡನ್ನೂ ಮಡಚಿಟ್ಟದ್ದು.
ಒಂದರಲ್ಲಿ ಹನ್ನೊಂದು ತಪ್ಪು, ಕ್ರಮಸಂಖ್ಯೆ ಸಹಿತ.
ಇನ್ನೊಂದರಲ್ಲಿ ಒಂದೇ ಮಾತು: ತೃಪ್ತಿಕರ.

ಅವನು ಹೊಸಬ. ಎಂಟನೇ ಬಿ ತರಗತಿಗೆ ಭಿನ್ನರಾಶಿ ಹೇಳುತ್ತ
ನಲವತ್ತು ನಿಮಿಷ ಕರಿಹಲಗೆಯ ಜೊತೆಗೇ ಮಾತಾಡಿದ.
ಬೆನ್ನ ಹಿಂದೆ ಮಕ್ಕಳು
ಶೇಷವೂ ಉಳಿಯದಂತೆ ಕಳೆದುಹೋದರು.

ನಾಲೆಯಾಚೆ ಆಲೆಮನೆ. ಹೊಗೆ ಕರೆಯಿತು, ಹೋದೆ.
ಲೋಟದ ತುಂಬ ಕಬ್ಬಿನ ಹಾಲು ಕೊಟ್ಟು ಕೂರಿಸಿದ ಮಂಚಯ್ಯ,
ಮಾತಾಡುವಾಗಲೂ ಕೊಪ್ಪರಿಗೆಯಿಂದ ಕಣ್ಣು ಕೀಳದವ.
ಬೆಂಡೆಗಿಡ ಜಜ್ಜಿ ಹಿಚುಕಿದ ಲೋಳೆ ಹುಯ್ದ.
ಕುದಿವ ಹಾಲಿನೊಳಗಿನ ಕೊಳೆ
ಯಾರೂ ಬೈಯದೆ ತಾನಾಗಿ ಮೇಲೆ ಬಂತು,
ಹಸಿರು ನೊರೆ ಹೊದ್ದು.

'ಸುಣ್ಣ ಹಾಕಲ್ವ?' ಅಂದೆ.
'ಹಾಕ್ತೀವಿ ಕಣವ್ವ, ಒಸಿ. ಜಾಸ್ತಿಯಾದ್ರೆ ಬೆಲ್ಲ ಕಪ್ಗಾಯ್ತದೆ.'
'ಮತ್ತೆ ಅಂಗಡೀಲಿ ಅಷ್ಟು ಬೆಳ್ಳಗೆ ಇರತ್ತಲ್ಲ?'
'ಅದು ಹೈಡ್ರೋಸು.
ಕೊಳೆ ಒಳ್ಗೇ ಇರ್ತದೆ, ಮಕ ಮಾತ್ರ ತೊಳ್ದಿರ್ತದೆ.'

ಬ್ಯಾಗಿನೊಳಗೆ 'ತೃಪ್ತಿಕರ' ಮಿಸುಕಿದಂತಾಯಿತು.

ಅಷ್ಟರಲ್ಲಿ ಅಚ್ಚಿನ ಕಡೆ ಸೀದ ವಾಸನೆ.
ಪುಟ್ಟಚನ್ನ ಇಳಿಸಿದ ಮೊದಲ ಪಾಕ,
ಒಂದು ಉಸಿರಿನಷ್ಟು ತಡವಾಗಿ ಇಳಿದಿತ್ತು.
ಗಾಣದವರು, ಲಾರಿಯವನು, ನಾನು, ಎಲ್ಲ ನೋಡುತ್ತಿದ್ದೆವು.
ಮಂಚಯ್ಯ ಬೀಡಿ ಹಚ್ಚಿದ.
ಲಾರಿಯವನು ಹೋಗಲಿ ಎಂದು ಕಾದನೋ,
ಒಲೆ ತಣಿಯಲಿ ಎಂದೋ.

ಆಮೇಲೆ ಒಂದು ಚೂರು ಮುರಿದು ಹುಡುಗನ ಅಂಗೈಗಿಟ್ಟ.
'ಏನಂತದ್ಲಾ ನಿನ್ ನಾಲ್ಗೆ?'
'ಕಹಿ.'
'ಎಲ್ಲಾನೂವ?'
'ಇಲ್ಲ... ಕೊನೇಲಿ ಒಸಿ.'
'ಯಾವಾಗ ಬಂತು ಆ ಕೊನೆ?'
ಹುಡುಗ ಖಾಲಿ ಕೊಪ್ಪರಿಗೆಯನ್ನೇ ನೋಡಿದ, ಬಹಳ ಹೊತ್ತು.
'ಗುಳ್ಳೆ ದೊಡ್ದಾದಾಗ್ಲೇ ಇಳಿಸ್ಬೇಕಿತ್ತು.'
'ಮಡ್ಡಿ ಚೆಂದಾಗಿ ತೆಗ್ದಿದ್ದೀಯ. ಗುಳ್ಳೆ ಓದದೊಂದು ಕಲಿ.
ನಾಳೆ ಮೊದಲ್ನೆ ಪಾಕಾನೂ ನಿಂದೇಯ.'

ಇಪ್ಪತ್ತಾರು ವರ್ಷದ ಹಿಂದೆ, ಮದ್ದೂರಿನ ಶಾಲೆಯಲ್ಲಿ
ನನ್ನ ಪಾಠ ನೋಡಿದವರು ಎಲ್ಲರೆದುರು ಅಂದಿದ್ದರು:
'ಧ್ವನಿ ಸಾಲದು.'
ನಿಜವೇ. ಆದರೆ ಮರುದಿನದಿಂದ
ಇದ್ದ ಧ್ವನಿಯೂ ಗಂಟಲಲ್ಲೇ ಕೂತುಬಿಟ್ಟಿತು.
ಅವರು ಸುಳ್ಳಾಡಲಿಲ್ಲ. ಸುಣ್ಣ ಹೆಚ್ಚಾಯಿತು, ಅಷ್ಟೆ.

ಪುಟ್ಟಚನ್ನನ ಬೆಲ್ಲದಲ್ಲಿ ಎರಡು ಅಚ್ಚು ಕೊಂಡೆ.
ಅದನ್ನು ಸುತ್ತಲು ಕಾಗದ ಬೇಕಿತ್ತು.
ಎರಡು ವರದಿಯೂ ಸರಿಹೋದವು.

ಮರುದಿನ ಸ್ಟಾಫ್ ರೂಮು ಖಾಲಿಯಾಗುವ ತನಕ ಕಾದೆ.
ದಾರಿಯುದ್ದಕ್ಕೂ ಹದ ಮಾಡಿಟ್ಟುಕೊಂಡ ಮಾತು
ಬಾಯಿಗೆ ಬರುವಾಗ ಸೀದೇ ಬಂತು:
'ನೀವು ಮಕ್ಕಳನ್ನ ನೋಡೋದೇ ಇಲ್ಲ.'
ಅವನ ಕಿವಿ ಕೆಂಪಾದವು. ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

ಇಪ್ಪತ್ತಾರು ವರ್ಷ ಪಾಠ ಮಾಡಿಯೂ ಇಷ್ಟೇ.
'ತಪ್ಪಾಗಿ ಶುರುಮಾಡಿದೆ' ಅಂದೆ, 'ಇನ್ನೊಂದು ಸಲ ನೋಡ್ತೀನಿ.
ರೊಟ್ಟಿ ಮುರಿದು ಕಾಲು, ಅರ್ಧ ತೋರಿಸಿದಿರಲ್ಲ,
ನನಗೂ ಹೊಳೆದಿರಲಿಲ್ಲ ಅದು.
ಆಗ ಮೂರನೇ ಬೆಂಚಿನ ಹುಡುಗಿ ಏನು ಮಾಡ್ತಿದ್ದಳು?'

ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.
'ಗೊತ್ತಿಲ್ಲ ಮೇಡಂ' ಅಂದ. ತಡೆದು,
'ಅವರ ಮುಖ ನೋಡಿದ್ರೆ ಲೆಕ್ಕ ಮರೆತುಹೋಗತ್ತೆ.'

ಇದು ನನ್ನ ಹನ್ನೊಂದರಲ್ಲಿ ಇರಲೇ ಇಲ್ಲ.

ಪೊಟ್ಟಣ ಬಿಚ್ಚಿ ಮೇಜಿನ ನಡುವೆ ಇಟ್ಟೆ.
'ಇದ್ಯಾಕೆ ಇಷ್ಟು ಕಪ್ಪು?' ಅಂದ.
'ಒಬ್ಬ ಹುಡುಗನ ಮೊದಲ ಪಾಕ.'
ಚೂರು ಬಾಯಿಗಿಟ್ಟುಕೊಂಡ, ಕಣ್ಣು ಕಿರಿದು ಮಾಡಿದ.
'ಕೊನೇಲಿ...'
'ಹ್ಞೂಂ, ಕೊನೇಲಿ ಒಸಿ' ಅಂದೆ.

ಬೆಲ್ಲು ಹೊಡೆಯಿತು. ಹಾಜರಿ ಪುಸ್ತಕ ತೆಗೆದುಕೊಂಡು
ಎಂಟನೇ ಬಿ ಕಡೆ ಹೋದ, ಇನ್ನೂ ಅಗಿಯುತ್ತ.
ನಾನು ಆ ಕಡೆ ಹೋಗಿ ಇಣುಕಲಿಲ್ಲ.